ಆ ಹಕ್ಕಿ ಪೋಸ್ ಕೊಡಲಿಲ್ಲ ಮಗಳೇ

ಸುಂಟಿಕೊಪ್ಪ
ಏಪ್ರಿಲ್ 20

ಪ್ರೀತಿಯ ಚಿನ್ನು,

ದೊಡ್ಡಮ್ಮನ ಆಶೀರ್ವಾದ. ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನೋಡಿದೆ. ನಿನ್ನ ದೊಡ್ಡಪ್ಪನಿಗೂ ತೋರಿಸಿದೆ. ಕನ್ನಡಕ ಹಾಕಿಕೊಂಡು, ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆ ಪುಟ್ಟ ಹಸಿರು ಹಕ್ಕಿ ಕಳ್ಳಿಪೀರದ ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ. ಅದರ ರೆಕ್ಕೆಯ ಗೆರೆಗಳೂ ಎಣಿಸುವ ಹಾಗಿವೆ. ಚೆನ್ನಾಗಿ ಬಂದಿದೆ, ಎರಡು ಮಾತಿಲ್ಲ.

ಆದರೆ ಕೆಳಗೆ ಬರೆದಿದ್ದೀಯಲ್ಲ, "ಮುಕ್ಕಾಲು ಗಂಟೆ ಒಂದೇ ತಂತಿ ಮೇಲೆ ಕೂತು ಪೋಸ್ ಕೊಡ್ತು ದೊಡ್ಡಮ್ಮ" ಅಂತ. ಅದನ್ನು ಓದಿದ ಮೇಲೆ ಸುಮ್ನೆ ಇರಲಾಗಲಿಲ್ಲ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ. ಅದಕ್ಕೇ ಈ ಕಾಗದ.

ಅದು ಪೋಸ್ ಕೊಡಲಿಲ್ಲ ಮಗಳೇ. ನೀನು ಯಾವಾಗ ಹೋಗುತ್ತೀಯ ಅಂತ ಕಾಯುತ್ತಿತ್ತು.

ಕುಶಾಲನಗರದ ಹತ್ತಿರ ರಸ್ತೆ ಪಕ್ಕದ ಮಣ್ಣಿನ ಕಡಿದಾದ ಬರೆ ಎದುರು ನಿಂತಿದ್ದೆ ಅಂದೆ. ಕಳ್ಳಿಪೀರ ಮರದಲ್ಲಿ ಗೂಡು ಕಟ್ಟುವ ಹಕ್ಕಿ ಅಲ್ಲ. ಅಂಥ ಬರೆಯನ್ನೇ ಕೊರೆದು, ಐದಡಿವರೆಗೂ ಸುರಂಗ ತೋಡಿ, ಅದರ ಕೊನೆಯಲ್ಲಿ ಬರೀ ಮಣ್ಣಿನ ಮೇಲೆ ಮೊಟ್ಟೆ ಇಡುತ್ತದೆ. ಹುಳ ತನಗೇ ಆಗಿದ್ದರೆ ತಂತಿಗೆ ಪಟಪಟ ನಾಲ್ಕು ಬಾರಿ ಬಡಿದು ನುಂಗಿಬಿಡುತ್ತಿತ್ತು. ಜೇನ್ನೊಣ ಹಿಡಿದಾಗಲೂ ಹಾಗೇ, ಬಡಿದು, ಉಜ್ಜಿ, ಮುಳ್ಳು ತೆಗೆದು ತಿನ್ನುತ್ತದೆ. ಈ ದಿನಗಳಲ್ಲಿ ಗಂಡು ಹೆಣ್ಣಿಗೆ ತಂದುಕೊಡುವುದೂ ಉಂಟು, ಆದರೆ ಅದಕ್ಕೆ ಮುಕ್ಕಾಲು ಗಂಟೆ ಬೇಡ. ಬಾಯಲ್ಲಿ ತುತ್ತು ಇಟ್ಟುಕೊಂಡು ಅಷ್ಟು ಹೊತ್ತು ಕೂತಿದೆ ಅಂದರೆ ಒಳಗೆ ಮರಿಗಳು ಇದ್ದವು. ನೀನು ನಿಂತ ಜಾಗದಿಂದ ಆ ತೂತು ಕಾಣುತ್ತಿತ್ತು ಅಂತ ನನ್ನ ಲೆಕ್ಕ.

ಹಕ್ಕಿಗೆ ಅಷ್ಟೆಲ್ಲ ಗೊತ್ತಾಗುತ್ತದಾ ಅಂತೀಯ? ಗೊತ್ತಾಗುತ್ತದೆ. ಪುಣೆಯ ಜೀವವಿಜ್ಞಾನಿ ಮಿಲಿಂದ್ ವಾಟ್ವೆ ಮತ್ತು ಅವರ ಜೊತೆಗಾರರು ಇದೇ ಕಳ್ಳಿಪೀರದ ಮೇಲೆ ಪರೀಕ್ಷೆ ಮಾಡಿ 2002ರಲ್ಲಿ ಬರೆದಿದ್ದಾರೆ. ಮನುಷ್ಯ ಗೂಡಿನ ಬಾಯಿ ಕಾಣುವ ಕಡೆ ನಿಂತಾಗ ಹಕ್ಕಿ ಒಳಗೆ ಹೋಗಲು ಜಾಸ್ತಿ ಹಿಂಜರಿಯಿತು. ಗೂಡು ಕಾಣದ ಹಾಗೆ ಮರೆಯಿರುವ ಕಡೆ ನಿಂತಾಗ ಅಷ್ಟು ಹಿಂಜರಿಯಲಿಲ್ಲ. ಅಂದರೆ ಮನುಷ್ಯ ಹತ್ತಿರ ಇದ್ದಾನೆ ಅನ್ನುವುದಷ್ಟೇ ಅದಕ್ಕೆ ಮುಖ್ಯ ಅಲ್ಲ. ಅವನಿಗೆ ಏನು ಕಾಣುತ್ತಿದೆ ಅನ್ನುವುದನ್ನೂ ಅದು ನೋಡುತ್ತದೆ. ಓದಿದಾಗ ನಾನು ಬೆರಗಾಗಿದ್ದೆ. ನಮ್ಮ ಮನೆ ಗಂಡಸರಿಗೇ ಇಷ್ಟು ತಿಳಿಯಲ್ಲ.

ಹಾಗಾಗಿ, ಕೊಕ್ಕಿನಲ್ಲಿ ಹುಳ ಇಟ್ಟುಕೊಂಡ ಹಕ್ಕಿ ಕೂತೇ ಇದೆ ಅಂದರೆ ನೀನು ಹಿಂದೆ ಸರಿ. ಆಗಲೂ ಹೋಗದಿದ್ದರೆ ಇನ್ನೂ ಹಿಂದೆ. ಕಾರನ್ನೋ ಮರವನ್ನೋ ಅಡ್ಡ ಮಾಡಿಕೋ. ಕ್ಯಾಮೆರಾಗೆ ಉದ್ದ ಲೆನ್ಸ್ ಕೊಂಡಿದ್ದು ಮತ್ತೆ ಯಾಕೆ, ದೂರ ನಿಲ್ಲಲಿಕ್ಕೆ ಅಲ್ವಾ?

ಇದನ್ನು ಹೇಳುವ ಹಕ್ಕು ನನಗೆ ಹೇಗೆ ಬಂತು ಅಂತಲೂ ಹೇಳುತ್ತೇನೆ. ನಿನ್ನಮ್ಮನಿಗೂ ಇದು ಗೊತ್ತಿಲ್ಲ. ನಾನು ಈ ಮನೆಗೆ ಬಂದ ಹೊಸತು. ಕಣದ ಪಕ್ಕದ ಕಾಫಿ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಮೂರು ಮರಿ. ಊರಿಂದ ನೆಂಟರು ಬರುವವರಿದ್ದರು. ಅವರಿಗೆ ಕಣದಲ್ಲಿ ನಿಂತೇ ಗೂಡು ಕಾಣಲಿ ಅಂತ ಅಡ್ಡ ಇದ್ದ ಮೂರು ರೆಂಬೆಗಳನ್ನು ನಾನೇ ಮುರಿದೆ. ಎಲ್ಲರೂ ನೋಡಿ ಖುಷಿಪಟ್ಟರು. ಮಾರನೇ ದಿನ ಕೆಂಬೂತ ಬಂತು. ನಮಗೆ ಕಂಡಿದ್ದು ಅದಕ್ಕೂ ಕಂಡಿತು. ಗಲಾಟೆ ಕೇಳಿ ಅಡುಗೆಮನೆಯಿಂದ ಓಡಿ ಹೋಗುವ ಹೊತ್ತಿಗೆ ಗೂಡು ಖಾಲಿ. ಆಮೇಲೆ ತಾಯಿಯೋ ತಂದೆಯೋ, ಒಂದು ಹಸಿರು ಹುಳ ಕಚ್ಚಿಕೊಂಡು ಬಂದು ಗೂಡಿನ ಅಂಚಿಗೆ ಕೂತಿತು. ಒಳಗೆ ನೋಡಿತು. ಹಾರಿತು. ಅದೇ ಹುಳ ಹಿಡಿದುಕೊಂಡು ಮತ್ತೆ ಬಂತು. ಕೊನೆಗೆ ಆ ಹುಳವನ್ನು ಏನು ಮಾಡಿತೋ ಗೊತ್ತಿಲ್ಲ. ನಾನು ಒಳಗೆ ಹೋಗಿಬಿಟ್ಟೆ.

ನೋಡಬೇಡ ಅಂತ ನಾನು ಹೇಳುತ್ತಿಲ್ಲ. ಮರೆಯಲ್ಲಿ ಕೂತರೆ ಹತ್ತು ಪಟ್ಟು ಜಾಸ್ತಿ ಸಿಗುತ್ತದೆ. ಹೋದ ವರ್ಷ ಬಚ್ಚಲಿನ ಗೋಡೆಯ ಹಳೇ ಪೈಪ್ ತೂತಿನಲ್ಲಿ ಮಡಿವಾಳ ಹಕ್ಕಿ ಮರಿ ಮಾಡಿತ್ತು. ಅಡುಗೆಮನೆ ಕಿಟಕಿಗೆ ಅರ್ಧ ಪರದೆ ಎಳೆದು, ಬೀನ್ಸ್ ನಾರು ತೆಗೆಯುತ್ತಾ ಕೂರುತ್ತಿದ್ದೆ. ಮೊದಲೆರಡು ದಿನ ತಂದಿದ್ದೆಲ್ಲ ಸಣ್ಣ ಮೆತ್ತಗಿನ ಹುಳ, ನನ್ನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ವಾರದ ಮೇಲೆ ಮಿಡತೆ, ಜೇಡ, ಒಂದು ದಿನ ಪುಟ್ಟ ಹಲ್ಲಿ. ಜಿಗಣೆಯನ್ನೂ ತಿನ್ನುತ್ತದಂತೆ. ನಮ್ಮ ತೋಟದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ತಿನ್ನಬಾರದಾ ಅಂತ ನನ್ನ ಅರ್ಜಿ.

ಒಂದು ಬೆಳಗ್ಗೆ ಹೆಣ್ಣು ದೊಡ್ಡ ಮಿಡತೆ ತಂದಿತು. ಮರಿ ಬಾಯಿ ತೆರೆಯಿತು, ಒಳಗೆಲ್ಲ ಹಳದಿ. ತುತ್ತು ಇಳಿಯಲಿಲ್ಲ. ಮಿಡತೆಯ ಕಾಲು ಹೊರಗೇ ನಿಂತಿತು. ತಾಯಿ ಸ್ವಲ್ಪ ಕಾದು, ಅದನ್ನು ಬಾಯಿಂದ ಎಳೆದುಕೊಂಡು ಬಟ್ಟೆ ಒಗೆಯುವ ಕಲ್ಲಿಗೆ ಹಾರಿತು. ಅಲ್ಲಿ ಬಡಿದು ಬಡಿದು ಕಾಲು ಉದುರಿಸಿ, ತಿರುಗಿ ತಂದು ಕೊಟ್ಟಿತು. ಈ ಸಲ ಇಳಿಯಿತು. ಒಡನೆಯೇ ಮರಿ ತಿರುಗಿ ಹಿಂಭಾಗ ಎತ್ತಿತು. ಬಿಳಿ ಚೀಲದ ಹಾಗೆ ಒಂದು ಉಂಡೆ. ಮರಿಯ ಹಿಕ್ಕೆ ಅದು, ತೆಳ್ಳಗಿನ ಪೊರೆಯಲ್ಲಿ ಕಟ್ಟಿಕೊಂಡು ಬರುತ್ತದೆ. ತಾಯಿ ಅದನ್ನು ಕಚ್ಚಿಕೊಂಡು ಹೋಗಿ ದೂರದ ಹಾಲುವಾಣದ ಮರದ ಹತ್ತಿರ ಬಿಸಾಡಿತು. ಗೂಡು ಗಲೀಜಾಗುವುದಿಲ್ಲ, ವಾಸನೆ ಹಿಡಿದು ಬರುವ ಹಾವಿಗೆ ಸುಳಿವೂ ಸುಲಭಕ್ಕೆ ಸಿಗುವುದಿಲ್ಲ. ನಿನ್ನನ್ನು ಸಾಕುವಾಗ ನಿನ್ನಮ್ಮನಿಗೆ ಇಂಥ ಅನುಕೂಲ ಇರಲಿಲ್ಲ. ಆ ದಿನ ಒಂದು ಗಂಟೆಯಲ್ಲಿ ಹದಿನಾಲ್ಕು ಸಲ ಬಂದು ಹೋದವು. ಬೀನ್ಸ್ ಎಲ್ಲ ನುಚ್ಚಾಗಿ ಹೋಗಿತ್ತು, ದೊಡ್ಡಪ್ಪ ಪಲ್ಯ ತಿಂದು ಏನೂ ಹೇಳಲಿಲ್ಲ.

ಈಗ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು, ಶುರುವಾಗಿದೆ. ಮಳೆಗಾಲಕ್ಕೆ ಮುಂಚೆ ನೆರಳು ತೆಗೆಯಲೇಬೇಕು, ಇಲ್ಲದಿದ್ದರೆ ಕಾಫಿಗೆ ಕೊಳೆರೋಗ. ಆದರೆ ಹಕ್ಕಿಗಳು ಮರಿ ಮಾಡುವುದೂ ಇದೇ ಹೊತ್ತಿಗೆ. ಮರ ಹತ್ತುವವರಿಗೆ ನಾನು ಹೇಳಿಟ್ಟಿದ್ದೇನೆ, ಗೂಡು ಕಂಡ ಕೊಂಬೆ ಕೊನೆಗೆ ಇರಲಿ ಅಂತ. ಗೂಡು ಎಲ್ಲಿದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನೀನು ಬಂದಾಗ ಅವರನ್ನು ಕೇಳು, ಆದರೆ ಕೊಂಬೆ ಬಗ್ಗಿಸಿ ತೋರಿಸಿ ಅನ್ನಬೇಡ.

ಇನ್ನೊಂದು. ಗರಿ ಬಂದ ಮರಿ ನೆಲದಲ್ಲಿ ಕುಪ್ಪಳಿಸುತ್ತಾ ಸಿಕ್ಕಿದರೆ ಅಯ್ಯೋ ಪಾಪ ಅಂತ ಒಳಗೆ ತರಬೇಡ. ಗೂಡು ಬಿಟ್ಟ ಮೇಲೂ ಅಪ್ಪ ಅಮ್ಮ ಹುಡುಕಿಕೊಂಡು ಬಂದು ತಿನ್ನಿಸುತ್ತಾರೆ. ಬೆಕ್ಕಿನ ಭಯ ಇದ್ದರೆ ಪಕ್ಕದ ಪೊದೆಯ ಮೇಲೆ ಇಟ್ಟು ಬಾ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದನ್ನು ನಂಬಬೇಡ. ಹಾಲು, ಅನ್ನ ಬೇಡವೇ ಬೇಡ. ಬಾಯಿಗೆ ನೀರು ಬಿಟ್ಟರೆ ಉಸಿರುನಾಳಕ್ಕೆ ಹೋಗಿ ಸತ್ತೇ ಹೋಗಬಹುದು. ಅದಕ್ಕೆ ಬೇಕಾದ ನೀರೆಲ್ಲ ಆ ಹುಳದಲ್ಲೇ ಇರುತ್ತದೆ.

ಮೇ ಹತ್ತಕ್ಕೆ ಬರುತ್ತೀಯಲ್ಲ? ಮಡಿವಾಳ ಈ ವರ್ಷವೂ ಅದೇ ತೂತಿಗೆ ಬಂದಿದೆ. ಹೆಣ್ಣು ಮೊನ್ನೆಯಿಂದ ಕಾವಿಗೆ ಕೂತಿದೆ, ಗಂಡು ಮಾಡಿನ ತುದಿಯಲ್ಲಿ ಬೆಳಗ್ಗೆ ಐದೂವರೆಗೇ ಶುರು ಮಾಡುತ್ತದೆ. ನೀನು ಬರುವಷ್ಟರಲ್ಲಿ ಮರಿಗಳು ಹುಟ್ಟಿ ವಾರವಾಗಿ ಕಣ್ಣು ಬಿಟ್ಟಿರುತ್ತವೆ. ಪರದೆ ಈಗಲೇ ಎಳೆದಿದ್ದೇನೆ. ಬಚ್ಚಲಿಗೆ ಹೋಗುವಾಗ ಆ ಕಡೆ ತಿರುಗಿ ನೋಡದೆ ಹೋಗಬೇಕು ಅಂತ ದೊಡ್ಡಪ್ಪನಿಗೂ ಹೇಳಿದ್ದೇನೆ. ಫ್ಲಾಶ್ ತರಬೇಡ. ಉದ್ದ ಕಾಲುಚೀಲ ತಾ.

ನಿನ್ನ ದೊಡ್ಡಮ್ಮ