ಮೂರು ವರ್ಷ ಅಂತ ಹೆದರಬೇಡ ಅಳಿಯಾ

ಪ್ರೀತಿಯ ಅಳಿಯಾ,

ನಿನ್ನೆ ನಿಮ್ಮವ್ವ ಫೋನ್ ಮಾಡಿದ್ದಳು. ಬಡಿಗತನ ಕಲಿಯಲು ಮೇಸ್ತ್ರಿ ಹತ್ತಿರ ಸೇರಿ ಆರು ತಿಂಗಳಾಯಿತು, ಮೂರು ವರ್ಷ ಕಲಿಯಬೇಕು ಅನ್ನುತ್ತಾರೆ, ಉಳಿ ಸಾಣೆ ಹಿಡಿಯುವುದು, ಹಲಗೆ ಮಟ್ಟ ಮಾಡುವುದು ಬಿಟ್ಟು ಬೇರೇನೂ ಕೊಡುತ್ತಿಲ್ಲ, ಇದನ್ನು ಬಿಟ್ಟು ಬಳ್ಳಾರಿಗೆ ಹೋಗಿ ಮಾಡ್ಯುಲರ್ ಕಿಚನ್ ಮಾಡುವವರ ಹತ್ತಿರ ಸೇರುತ್ತೇನೆ ಅನ್ನುತ್ತಿದ್ದೀಯಂತೆ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಪೂರ್ತಿ ಓದು.

ಬಳ್ಳಾರಿ ಕೆಲಸ ಕೆಟ್ಟದ್ದು ಅಂತ ನಾನು ಹೇಳಲ್ಲ. ಪ್ಲೈವುಡ್ಡು, ಎಂಡಿಎಫ್ಫು (ಕಟ್ಟಿಗೆ ನಾರು ಒತ್ತಿ ಮಾಡಿದ ಹಲಗೆ) ಬೇಸಿಗೆ ಮಳೆಗಾಲಕ್ಕೆ ಅಷ್ಟಾಗಿ ಹಿಗ್ಗಲ್ಲ, ಕುಗ್ಗಲ್ಲ. ಅಳತೆ ಸರಿ ಇದ್ದರೆ ಮಷೀನು ಕತ್ತರಿಸುತ್ತದೆ, ಅಂಚಿಗೆ ಟೇಪು ಅಂಟುತ್ತದೆ, ಮುಗಿಯಿತು. ಕೆಲವು ತಿಂಗಳಲ್ಲಿ ಕೈಗೆ ಹತ್ತುತ್ತದೆ, ರೊಕ್ಕಾನೂ ಬೇಗ ಬರುತ್ತದೆ. ಆದರೆ ನೀನು ಆಸೆಪಟ್ಟಿದ್ದು ಅದಲ್ಲವಲ್ಲ. ಸಾಗವಾನಿಯಲ್ಲಿ ಕುರ್ಚಿ, ಕಪಾಟು ಮಾಡಬೇಕು, ಮೊಳೆ ಇಲ್ಲದೆ ಜೋಡಿಸಬೇಕು ಅಂದಿದ್ದೆ. ಅದು ಬೇರೆಯೇ ಕಸುಬು ತಮ್ಮಾ, ಯಾಕೆ ಅಷ್ಟು ವರ್ಷ ಬೇಕು ಅನ್ನುವುದಕ್ಕೆ ಕಾರಣ ಮೇಸ್ತ್ರಿಯ ಮನಸ್ಸಿನಲ್ಲಿಲ್ಲ, ಕಟ್ಟಿಗೆಯಲ್ಲೇ ಇದೆ.

ಮರ ಕಡಿದು ಒಣಗಿಸಿದ ಮೇಲೂ ಸುಮ್ಮನಿರಲ್ಲ. ಗಾಳಿಯಲ್ಲಿ ತೇವ ಹೆಚ್ಚಾದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಏನೂ ಆಗಲ್ಲ, ಆಗುವುದೆಲ್ಲ ಅಗಲಕ್ಕೆ. ಅದರಲ್ಲೂ ದಿಮ್ಮಿಯನ್ನು ಹೇಗೆ ಕೊಯ್ದಿದ್ದಾರೆ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ, ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ ತಿರುಳಿನಿಂದ ಹೊರಕ್ಕೆ ಆಗುವುದರ ಸುಮಾರು ಎರಡರಷ್ಟು. ನಮ್ಮ ಕಡೆ ಏಪ್ರಿಲ್‌ನಲ್ಲಿ 40 ಡಿಗ್ರಿ, ಗಾಳಿಯಲ್ಲಿ ಹನಿ ತೇವ ಇರಲ್ಲ. ಆಗಸ್ಟ್ ಬಂದರೆ ಬೇರೆಯೇ ಹವೆ. ಮೂರಡಿ ಅಗಲದ ಟೇಬಲ್ ಹಲಗೆ ಈ ಎರಡರ ನಡುವೆ ಐದಾರು ಮಿಲಿಮೀಟರ್ ಆಚೀಚೆ ಆಗುತ್ತದೆ. ಅದನ್ನು ಕೆಳಗಿನ ಚೌಕಟ್ಟಿಗೆ ಗಟ್ಟಿಯಾಗಿ ಸ್ಕ್ರೂ ಹೊಡೆದುಬಿಟ್ಟರೆ ಏಪ್ರಿಲ್‌ನಲ್ಲಿ ನಡುವೆ ಸೀಳುತ್ತದೆ. ಹಾಗಾಗಿ ಸ್ಕ್ರೂ ತೂತನ್ನು ಉದ್ದ ಮಾಡಿ ಹಲಗೆ ಸರಿಯಲು ಜಾಗ ಬಿಡಬೇಕು. ಕಪಾಟಿನ ಬಾಗಿಲಿನ ನಡುವಿನ ಹಲಗೆಗೆ ಫೆವಿಕಾಲ್ ಹಚ್ಚಲೇಬಾರದು, ಚೌಕಟ್ಟಿನಲ್ಲಿ ಕೊರೆದ ಗಾಡಿಯಲ್ಲಿ, ಅಂದರೆ ಉದ್ದನೆಯ ತೋಡಿನಲ್ಲಿ, ಸಡಿಲವಾಗಿ ಕೂರಿಸಬೇಕು.

ಇಷ್ಟು ನೀನು ಓದಿದ್ದು ಎರಡು ನಿಮಿಷದಲ್ಲಿ. ಯೂಟ್ಯೂಬ್‌ನಲ್ಲೂ ಸಿಗುತ್ತದೆ. ಆದರೆ ಎಷ್ಟು ಸಂದು ಬಿಡಬೇಕು? ಅದು ಯಾವ ತಿಂಗಳಲ್ಲಿ ಮಾಡುತ್ತಿದ್ದೀಯ ಅನ್ನುವುದರ ಮೇಲೆ ಇದೆ. ಏಪ್ರಿಲ್‌ನಲ್ಲಿ ಬಿಗಿಯಾಗಿ ಮಾಡಿದ ಡ್ರಾಯರ್ ಆಗಸ್ಟ್‌ನಲ್ಲಿ ಎಳೆದರೂ ಬರಲ್ಲ. ಆಗಸ್ಟ್‌ನಲ್ಲಿ ಸಡಿಲ ಮಾಡಿದ್ದು ಬೇಸಿಗೆಯಲ್ಲಿ ಲೊಡಲೊಡ ಅನ್ನುತ್ತದೆ. ಅಂದರೆ ಇವತ್ತು ನೀನು ಮಾಡಿದ್ದು ಸರಿಯೋ ತಪ್ಪೋ ಅಂತ ಗೊತ್ತಾಗಲು ಒಂದು ವರ್ಷ ಕಾಯಬೇಕು. ಅದು ಗೊತ್ತಾದಾಗ ಮೇಸ್ತ್ರಿ ನಿನ್ನ ಪಕ್ಕದಲ್ಲಿ ಇರಬೇಕು, ಇಲ್ಲಿ ಹೆಚ್ಚಾಯಿತು, ಅಲ್ಲಿ ಕಡಿಮೆಯಾಯಿತು ಅಂತ ಬೆರಳಿಟ್ಟು ತೋರಿಸಬೇಕು. ಮುಂದಿನ ಸಲ ತಿದ್ದಿ ಮಾಡಿ, ಅದೂ ಒಂದು ಬೇಸಿಗೆ ದಾಟಬೇಕು. ಮೂರು ವರ್ಷ ಆಗಿಯೇ ಹೋಯಿತಲ್ವಾ?

ಇದು ನಮ್ಮ ಮೇಸ್ತ್ರಿಗಳು ಹೂಡಿದ ಆಟ ಅಂದುಕೊಳ್ಳಬೇಡ. ಜರ್ಮನಿಯಲ್ಲಿ ಬಡಿಗತನ ಕಲಿಯುವವರಿಗೂ 3 ವರ್ಷವೇ, ವರ್ಕ್‌ಶಾಪಿನಲ್ಲಿ ಕೆಲಸ, ಜತೆಗೆ ಶಾಲೆ, ಕೊನೆಗೆ ತಾನೇ ಯೋಚಿಸಿ ಮಾಡಿದ ಒಂದು ಸಾಮಾನು ಪರೀಕ್ಷೆಗೆ ಇಡಬೇಕು. ಅಮೆರಿಕದ ಬಾಸ್ಟನ್‌ನಲ್ಲಿ ನಾರ್ತ್ ಬೆನೆಟ್ ಸ್ಟ್ರೀಟ್ ಸ್ಕೂಲ್ ಅಂತ ಹಳೆಯ ಶಾಲೆ ಇದೆ, ಅಲ್ಲಿ ಫರ್ನಿಚರ್ ಕಲಿಕೆಗೆ ಸುಮಾರು 2 ವರ್ಷ. ಎಲ್ಲ ಮಷೀನು ಇದ್ದವರೇ ಇಷ್ಟು ಕಾಲ ಇಡುತ್ತಾರೆ.

ಇನ್ನು ಸಾಣೆ ವಿಷಯ. ಆರು ತಿಂಗಳು ಇದೇ ಆಯಿತು ಅಂತ ನಿನಗೆ ಬೇಜಾರು. ಒಂದು ಕೆಲಸ ಮಾಡಿ ನೋಡು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ತುಂಡು ತಗೊಂಡು ಅದರ ತುದಿಯನ್ನು, ಅಂದರೆ ಗರಗಸದಿಂದ ಅಡ್ಡ ಕೊಯ್ದ ಮುಖವನ್ನು, ಉಳಿಯಿಂದ ತೆಳುವಾಗಿ ಕೆತ್ತು. ಮೆತ್ತನೆ ಕಟ್ಟಿಗೆ ಸುಲಭ ಅಂದುಕೊಳ್ಳುತ್ತಾರೆ, ಅದೇ ಕಷ್ಟ. ಅಲಗು ಸ್ವಲ್ಪ ಮೊಂಡಾಗಿದ್ದರೂ ನಾರು ಕತ್ತರಿಸಲ್ಲ, ಹಿಸುಕಿ ಕೀಳುತ್ತದೆ, ಮುಖ ಬಿಳಚಿಕೊಂಡು ಪುಡಿಪುಡಿ ಆಗುತ್ತದೆ. ಚೂಪಾಗಿದ್ದರೆ ಮೇಣ ಸವರಿದ ಹಾಗೆ ನುಣ್ಣಗೆ ಹೊಳೆಯುತ್ತದೆ. ಹೊಳೆಯದಿದ್ದರೆ ಉಳಿಯ ಬೆನ್ನು ನೋಡು, ಎಲ್ಲರೂ ಮುಂದಿನ ಓರೆಯನ್ನೇ ಉಜ್ಜಿ ಬೆನ್ನನ್ನು ಮರೆಯುತ್ತಾರೆ. ಅಲಗು ಅನ್ನುವುದು ಎರಡು ಮುಖ ಸೇರುವ ಜಾಗ, ಬೆನ್ನು ಸಪಾಟಾಗದೆ ಅಲಗು ಬರುವುದೇ ಇಲ್ಲ. ಓರೆ 25 ಡಿಗ್ರಿ, ತುದಿಯಲ್ಲಿ ಮಾತ್ರ 30. ಇದು ಕೈಗೆ ಕೂತ ದಿನ ನಿನ್ನ ಜೋಡಣೆಗಳೆಲ್ಲ ತಾವಾಗಿಯೇ ಬಿಗಿಯಾಗುತ್ತವೆ, ನೋಡುತ್ತಿರು.

ಹಾಗಂತ ಬಾಯಿ ಮುಚ್ಚಿಕೊಂಡು ಇರು ಅಂತಲೂ ನಾನು ಹೇಳಲ್ಲ. ಮೇಸ್ತ್ರಿಯನ್ನು ಮರ್ಯಾದೆಯಿಂದ ಕೇಳು: ಉಳಿದ ತುಂಡುಗಳಲ್ಲಿ ಸಂಜೆ ಹೊತ್ತು ನನ್ನದೇ ಒಂದು ಸ್ಟೂಲ್ ಮಾಡಿಕೊಳ್ಳಲಾ? ಬೇವಿನ ತುಂಡಾದರೂ ಸಾಕು. ಮಾಡಿದ್ದರ ಅಡಿಯಲ್ಲಿ ಪೆನ್ಸಿಲ್‌ನಿಂದ ತಿಂಗಳು, ವರ್ಷ, ಬಿಟ್ಟ ಸಂದು ಬರೆದಿಡು. ಒಂದು ವರ್ಷ ಆದ ಮೇಲೂ ಸಾಣೆ, ಕಸ ಗುಡಿಸುವುದು ಬಿಟ್ಟು ಏನೂ ಕೊಡದಿದ್ದರೆ ಅದು ಕಲಿಸುವುದಲ್ಲ, ದುಡಿಸಿಕೊಳ್ಳುವುದು. ಆಗ ನಾನೇ ಬಂದು ನಿನ್ನನ್ನು ಬೇರೆ ಕಡೆ ಸೇರಿಸುತ್ತೇನೆ. ಕೂಲಿ ವಿಷಯವನ್ನೂ ಎರಡನೇ ವರ್ಷಕ್ಕೆ ಎಷ್ಟು ಅಂತ ಈಗಲೇ ಮಾತಾಡಿಕೋ, ಸಂಕೋಚ ಬೇಡ.

ಪಿಎಂ ವಿಶ್ವಕರ್ಮ, ಅಂದರೆ ಕೈಕಸುಬಿನವರಿಗೆ ಕೇಂದ್ರ ಸರ್ಕಾರ ಮಾಡಿದ ಯೋಜನೆ, ಅದರ ಬಗ್ಗೆ ಕೇಳಿದ್ದೆ. 2023ರಲ್ಲಿ ಶುರುವಾದದ್ದು, ಬಡಿಗರೂ ಅದರಲ್ಲಿ ಬರುತ್ತಾರೆ. ಮೊದಲ ತರಬೇತಿ 5ರಿಂದ 7 ದಿನ, ದಿನಕ್ಕೆ 500 ರೂಪಾಯಿ, ಹತ್ಯಾರಕ್ಕೆ 15,000, ಮೊದಲ ಸಲ 1 ಲಕ್ಷದವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ. ಅದು ಸ್ವಂತ ಕಸುಬು ಮಾಡುವವರಿಗೆ, ಮನೆಗೊಬ್ಬರಿಗೆ ಮಾತ್ರ. ನೀನು ಕಲಿತು ಹೊರಬಂದ ಮೇಲೆ ಅರ್ಜಿ ಹಾಕು. ವಾರದ ಸರ್ಟಿಫಿಕೇಟ್ ನೋಡಿ ಕಲಿತುಬಿಟ್ಟೆ ಅಂದುಕೊಳ್ಳಬೇಡ.

ಒಂದು ಭಾನುವಾರ ಕಿನ್ನಾಳಕ್ಕೆ ಹೋಗಿ ಬಾ, ಕೊಪ್ಪಳದಿಂದ ದೂರ ಏನಿಲ್ಲ. ಅಲ್ಲಿ ಕಟ್ಟಿಗೆ ಗೊಂಬೆ ಮಾಡುವ ಚಿತ್ರಗಾರರ ಮನೆಯಲ್ಲಿ ಸುಮ್ನೆ ಒಂದು ತಾಸು ಕೂತು ಹಿರಿಯರ ಕೈ ನೋಡು. ಅವರದು ಗೊಂಬೆ, ನಿನ್ನದು ಕುರ್ಚಿ, ಆದರೂ ಹುಣಸೆಬೀಜದ ಅಂಟಿನಿಂದ ಹಿಡಿದು ಬಣ್ಣದವರೆಗೆ ಯಾವುದಕ್ಕೂ ಅವರು ಆತುರಪಡುವುದಿಲ್ಲ.

ಮಾಸ್ಕ್ ಹಾಕಿಕೋ, ಇದು ಮಾತ್ರ ಕಟ್ಟಪ್ಪಣೆ. ಕಟ್ಟಿಗೆ ದೂಳಿನಿಂದ ಮೂಗಿನ ಕ್ಯಾನ್ಸರ್ ಬರುತ್ತದೆ ಅನ್ನುವುದು ಸಾಬೀತಾದ ವಿಷಯ. ಮೇಸ್ತ್ರಿ ಹಾಕಲ್ಲ ಅಂತ ನೀನು ಬಿಡಬೇಡ.

ಊಟಕ್ಕೆ, ರೂಮ್ ಬಾಡಿಗೆಗೆ ಕಡಿಮೆ ಬಿದ್ದರೆ ಅವ್ವನಿಗೆ ಹೇಳಬೇಡ, ನನಗೆ ಹೇಳು. ಒಳ್ಳೆಯ ಸಾಣೆಕಲ್ಲು ಒಂದು ನಾನು ಕೊಡಿಸುತ್ತೇನೆ. ಯಾವುದು ತರಬೇಕು ಅಂತ ಮೇಸ್ತ್ರಿಯನ್ನೇ ಕೇಳಿ ವಾಟ್ಸಾಪ್ ಮಾಡು.

ನಿನ್ನ ಸೋದರಮಾವ
ಗಂಗಾವತಿ