ಸುಮ್ಮನಿರುವ ಮಗು ಮಂಕಲ್ಲ

ಮಾನ್ಯರೇ,

ಕೊಪ್ಪಳ ಜಿಲ್ಲೆಯ ಶಾಲೆಗಳ ಪಾಲಕರ ಸಭೆಯಲ್ಲಿ ತಪ್ಪದೆ ಕೇಳಿಬರುವ ಮಾತು: ‘ನಮ್ಮ ಹುಡುಗ ಬಾಯೇ ಬಿಡಂಗಿಲ್ರೀ, ನೀವರ ಸ್ವಲ್ಪ ಹೇಳ್ರಿ.’ ಹೇಳಬೇಕಾದದ್ದು ಹುಡುಗನಿಗಲ್ಲ. ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲೇ ಅಂತರ್ಮುಖತೆಯನ್ನು, ಅಂದರೆ ಮನಸ್ಸು ಹೊರಗಿಗಿಂತ ಒಳಗೇ ಹೆಚ್ಚು ತಿರುಗಿರುವ ಗುಣವನ್ನು, ವಿವರಿಸಿದ್ದು ಸ್ವಭಾವವೆಂದು, ರೋಗವೆಂದಲ್ಲ. ನಾಚಿಕೆಯೂ ಇದೂ ಒಂದೇ ಅಲ್ಲ. ನಾಚುವವರಿಗೆ ಮಾತಾಡುವ ಆಸೆಯಿದೆ, ಭಯ ತಡೆಯುತ್ತದೆ. ಅಂತರ್ಮುಖಿಗಳನ್ನು ಗದ್ದಲ ದಣಿಸುತ್ತದೆ, ಅಷ್ಟೇ.

ತರಗತಿಯಲ್ಲಿ ಎಡವಟ್ಟಾಗುವುದು ಪ್ರಶ್ನೆ ಕೇಳಿದ ಮರುಕ್ಷಣ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ಪಾಠಗಳ ಧ್ವನಿಮುದ್ರಣ ಕೇಳಿದಾಗ, ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು 1 ಸೆಕೆಂಡ್ ಮಾತ್ರ. 3 ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು.

ಹಾಗಾಗಿ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮೊದಲು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಸಿ, ಪಕ್ಕದವರಿಗೆ ಹೇಳಿಸಿ, ಆಮೇಲಷ್ಟೇ ಇಡೀ ತರಗತಿಗೆ. ಕೈ ಎತ್ತಿದವರನ್ನೇ ಕೇಳುತ್ತ ಹೋದರೆ ಮುಂದಿನ ಬೆಂಚಿನ ನಾಲ್ವರದೇ ದರ್ಬಾರು (ಶಿಕ್ಷಕರಿಗೂ ಅದೇ ಆರಾಮ, ಒಪ್ಪಬೇಕು). ಪಾಲಕರೂ ಅಷ್ಟೇ: ಶಾಲೆ ಬಿಟ್ಟು ಬಂದ ಮಗುವಿಗೆ ಅರ್ಧ ತಾಸು ಏನೂ ಕೇಳಬೇಡಿ, ನೆಂಟರ ಮುಂದೆ ‘ಪದ್ಯ ಹೇಳು’ ಎಂದು ನಿಲ್ಲಿಸಬೇಡಿ.

ಮನೆಯಲ್ಲಿ ಹರಟುವ ಮಗು ಶಾಲೆಯಲ್ಲಿ ಒಂದು ತಿಂಗಳಿಗೂ ಮೀರಿ ತುಟಿ ಬಿಚ್ಚದಿದ್ದರೆ, ಇಲ್ಲವೇ ಆಡುತ್ತಿದ್ದ ಮಗು ಏಕಾಏಕಿ ಊಟ, ನಿದ್ದೆ ಬಿಟ್ಟರೆ ಮಾತ್ರ ಅದು ಸ್ವಭಾವವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕೇಳಿ. ಕರೆ ಉಚಿತ.

ಕೆಲವು ಪ್ರೌಢಶಾಲಾ ಶಿಕ್ಷಕರು, ಗಂಗಾವತಿ