ಐದು ಸಲ ಬಂದು ಹೋದರೂ ಸರಿಯಾಗದ ಕಂಪ್ಯೂಟರ್ ಬಗ್ಗೆ ದೂರು

ದಿನಾಂಕ: 5 ಜನವರಿ 2026
ಹನುಮಂತನಗರ, ಬೆಂಗಳೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ವಾರಂಟಿಯಲ್ಲಿರುವ ಡೆಸ್ಕ್‌ಟಾಪ್ ಕಂಪ್ಯೂಟರ್ ಪದೇ ಪದೇ ಕ್ರ್ಯಾಶ್ ಆಗುತ್ತಿರುವುದು, ಮತ್ತು ವಾರಂಟಿ ಇಲ್ಲ ಎಂದು ನೀವು ಕಳಿಸಿರುವ ಉತ್ತರ

ಮಾನ್ಯರೇ,

ಕಳೆದ ವರ್ಷ ಜೂನ್ 18ರಂದು ನಿಮ್ಮಲ್ಲಿ 58,500 ರೂಪಾಯಿ ಕೊಟ್ಟು ಒಂದು ಡೆಸ್ಕ್‌ಟಾಪ್ ತೆಗೆದುಕೊಂಡೆ. ಮೂರು ವರ್ಷ ವಾರಂಟಿ, ಮನೆಗೇ ಬಂದು ಸರ್ವಿಸ್. ಬಿಲ್ಲಿನ ಪ್ರತಿ ಜೊತೆಗಿಟ್ಟಿದ್ದೇನೆ. ನಾನು ಮನೆಯಲ್ಲಿ ಕನ್ನಡ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘಗಳ ಸ್ಮರಣ ಸಂಚಿಕೆ. ಪುಟ ಕಟ್ಟಿ ಚಾಮರಾಜಪೇಟೆಯ ಪ್ರೆಸ್ಸಿಗೆ ಕಳಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಕಂಪ್ಯೂಟರ್ ರಿಪೇರಿ ನನ್ನ ಕೆಲಸ ಅಲ್ಲ. ಆದರೆ ಈ ಐದು ತಿಂಗಳಲ್ಲಿ ನೀವು ನನಗೆ ಅದನ್ನೂ ಕಲಿಸಿದ್ದೀರಿ.

ಆಗಸ್ಟ್ ಎರಡನೇ ವಾರದಲ್ಲಿ ಕ್ರ್ಯಾಶ್ ಶುರುವಾಯಿತು. ಕೆಲಸ ಮಾಡುತ್ತಿರುವಾಗಲೇ ಸ್ಕ್ರೀನ್ ತಟಸ್ಥವಾಗುತ್ತದೆ, ನೀಲಿ ಪರದೆ ಒಂದು ಕ್ಷಣ ಬರುತ್ತದೆ, ಓದುವಷ್ಟರಲ್ಲಿ ರೀಸ್ಟಾರ್ಟ್. ಒಮ್ಮೊಮ್ಮೆ ದಿನಕ್ಕೆ ಎರಡು ಸಲ, ಒಮ್ಮೊಮ್ಮೆ ನಾಲ್ಕು ದಿನ ಸುದ್ದಿಯೇ ಇಲ್ಲ. ಈ ನಾಲ್ಕು ದಿನದ ಸುಮ್ಮನಿರುವಿಕೆಯೇ ನಿಮ್ಮವರಿಗೆ ವರ ಆಯಿತು. ಬಂದು ಏನೋ ಮಾಡಿ, ಅರ್ಧ ಗಂಟೆ ನೋಡಿ, "ಸರಿ ಹೋಯ್ತು ಮೇಡಂ, ಸೈನ್ ಮಾಡಿ" ಎಂದು ಹೊರಡುತ್ತಿದ್ದರು.

ಮೊದಲ ಸಲ ಆಗಸ್ಟ್ 19. ಬಂದ ಹುಡುಗ ಹತ್ತು ನಿಮಿಷದಲ್ಲಿ "ವೈರಸ್" ಎಂದ. ಯಾವ ವೈರಸ್, ಎಲ್ಲಿ ಕಂಡಿತು ಎಂದು ಕೇಳಿದ್ದಕ್ಕೆ ಉತ್ತರ ಇಲ್ಲ. ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿ ಹೋದ. ಬ್ಯಾಕಪ್ ಮಾಡಿದ್ದೇನೆ ಎಂದಿದ್ದು ಡೆಸ್ಕ್‌ಟಾಪಿನ ಮೇಲಿದ್ದ ಫೈಲುಗಳನ್ನು ಮಾತ್ರ. ವರ್ಷಗಳಿಂದ ಒಂದೊಂದಾಗಿ ಸೇರಿಸಿಟ್ಟಿದ್ದ ಫಾಂಟುಗಳೆಲ್ಲ ಹೋದವು.

ಎರಡನೇ ಸಲ ಸೆಪ್ಟೆಂಬರ್ 12, ಬೇರೆ ಹುಡುಗ. ಇವನು ವಿಂಡೋಸ್ ತನ್ನ ತಪ್ಪುಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆಗೆದು ನೋಡಿದ. ಪರವಾಗಿಲ್ಲ, ತಿಳಿದವನು ಬಂದ ಅಂದುಕೊಂಡೆ. ಅಲ್ಲಿ ಕೆಂಪು ಗುರುತಿನ ಜೊತೆ "ಕರ್ನಲ್-ಪವರ್ 41" ಎಂದು ಇತ್ತು. "ನೋಡಿ ಮೇಡಂ, ಪವರ್ ಅಂತ ಅದೇ ಹೇಳ್ತಿದೆ. ಬೆಸ್ಕಾಂ ಪ್ರಾಬ್ಲಂ. ಯುಪಿಎಸ್ ಹಾಕಿಸಿ" ಎಂದ. ನಂಬಿದೆ. 4,200 ರೂಪಾಯಿ ಕೊಟ್ಟು ಯುಪಿಎಸ್ ತಂದೆ. ಎಲೆಕ್ಟ್ರಿಷಿಯನ್ ಕರೆಸಿ ಪ್ಲಗ್ ಪಾಯಿಂಟಿನ ವೋಲ್ಟೇಜ್, ಅರ್ಥಿಂಗ್ ಎರಡನ್ನೂ ನೋಡಿಸಿದೆ. ಅವರು ಮೀಟರ್ ಇಟ್ಟಾಗ 228 ವೋಲ್ಟ್ ತೋರಿಸಿತು, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ವೋಲ್ಟ್ ಕೂಡ ಇರಲಿಲ್ಲ. "ಲೈನ್ ಚೆನ್ನಾಗಿದೆ ಅಕ್ಕಾ, ಸುಮ್ನೆ ದುಡ್ಡು ಯಾಕೆ ಖರ್ಚು ಮಾಡ್ತೀರಿ" ಎಂದರು. ಯುಪಿಎಸ್ ಬಂದ ಐದನೇ ದಿನ ಮತ್ತೆ ಕ್ರ್ಯಾಶ್. ಆ ಹೊತ್ತಿನಲ್ಲಿ ಫ್ಯಾನೂ ತಿರುಗುತ್ತಿತ್ತು, ಟ್ಯೂಬ್‌ಲೈಟೂ ಉರಿಯುತ್ತಿತ್ತು.

ಮೂರನೆಯದನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ. ವಿಂಡೋಸ್ 11ರಲ್ಲಿ ಕಳೆದ ವರ್ಷ ಆ ನೀಲಿ ಪರದೆಯನ್ನು ಕಪ್ಪು ಮಾಡಿದ್ದಾರೆ. ಅಪ್‌ಡೇಟ್ ಆದ ಮೇಲೆ ನನ್ನದೂ ಕಪ್ಪಾಯಿತು. ಹೆಲ್ಪ್‌ಲೈನಿಗೆ ಫೋನ್ ಮಾಡಿ "ಕಪ್ಪು ಸ್ಕ್ರೀನ್ ಬಂದು ರೀಸ್ಟಾರ್ಟ್ ಆಗ್ತಿದೆ" ಎಂದೆ. ಅಲ್ಲಿದ್ದವರು "ಡಿಸ್‌ಪ್ಲೇ ಪ್ರಾಬ್ಲಂ" ಎಂದು ಬರೆದುಕೊಂಡರು. ಅಕ್ಟೋಬರ್ 9ರಂದು ಒಬ್ಬ ಹುಡುಗ ಒಂದು ಎಚ್‌ಡಿಎಂಐ ಕೇಬಲ್ ಹಿಡಿದುಕೊಂಡು ಬಂದ! ಕೇಬಲ್ ಬದಲಿಸಿ, ಬಂದಿದ್ದೇನಲ್ಲ ಎಂದು ಕ್ಯಾಬಿನೆಟ್ ಬಿಚ್ಚಿ ಬ್ಲೋವರ್‌ನಿಂದ ಧೂಳು ಹೊಡೆದ. ಬಿಚ್ಚುವಾಗ ಪಕ್ಕದ ವಾರಂಟಿ ಸ್ಟಿಕರನ್ನು ತನ್ನ ಕೈಯಾರೆ ಬ್ಲೇಡಿನಿಂದ ಕೊಯ್ದ. ಇದನ್ನು ದಯವಿಟ್ಟು ನೆನಪಿಡಿ, ಮುಂದೆ ಬರುತ್ತದೆ. ಜಾಬ್ ಶೀಟಿನಲ್ಲಿ "ಕ್ಯಾಬಿನೆಟ್ ಓಪನ್ಡ್ ಅಂಡ್ ಕ್ಲೀನ್ಡ್, ವರ್ಕಿಂಗ್ ಓಕೆ" ಎಂದು ಅವನೇ ಬರೆದು ಸಹಿ ಹಾಕಿದ್ದಾನೆ.

ನಾಲ್ಕನೇ ಸಲ ಅಕ್ಟೋಬರ್ 28. ರಾಜ್ಯೋತ್ಸವಕ್ಕೆ ಮೂರೇ ದಿನ ಬಾಕಿ. ಒಂದು ಬಡಾವಣೆ ಸಂಘದ 64 ಪುಟದ ಸಂಚಿಕೆ ನನ್ನ ಕೈಯಲ್ಲಿತ್ತು. ನಿಮ್ಮ ಹುಡುಗ ನನ್ನ ಕಂಪ್ಯೂಟರಿನಲ್ಲಿ ನುಡಿ ಇರುವುದನ್ನು ನೋಡಿದ. "ಈ ಕನ್ನಡ ಸಾಫ್ಟ್‌ವೇರ್‌ನಿಂದಾನೇ ಮೇಡಂ, ಇವೆಲ್ಲ ಹೊಸ ವಿಂಡೋಸ್‌ಗೆ ಸೆಟ್ ಆಗಲ್ಲ" ಎಂದ. ಒತ್ತಕ್ಷರದ ಭಾರಕ್ಕೆ ಕಂಪ್ಯೂಟರ್ ಕುಸಿದುಬಿತ್ತು ಅನ್ನುವ ಹಾಗಿತ್ತು ಅವನ ಮಾತು. ಬರೀ ಟೈಪಿಂಗ್ ಸಾಫ್ಟ್‌ವೇರ್ ಕೆಟ್ಟರೆ ಸಾಮಾನ್ಯವಾಗಿ ಅದೊಂದೇ ಮುಚ್ಚಿಕೊಳ್ಳುತ್ತದೆ, ಇಡೀ ವಿಂಡೋಸ್ ಬೀಳುವುದಿಲ್ಲ. ಇಡೀ ಯಂತ್ರ ಬಿತ್ತು ಅಂದರೆ ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್‌ನಲ್ಲೋ ಹಾರ್ಡ್‌ವೇರ್‌ನಲ್ಲೋ ತೊಂದರೆ ಇರುವುದೇ ಹೆಚ್ಚು. ಇದು ನನಗೆ ಈಗ ಗೊತ್ತು. ಅವನಿಗೆ ಆಗಲೇ ಗೊತ್ತಿರಬೇಕಿತ್ತು, ಅಲ್ವಾ? ಸಾಫ್ಟ್‌ವೇರ್ ತೊಂದರೆ ವಾರಂಟಿಗೆ ಬರುವುದಿಲ್ಲ ಎಂದು 650 ರೂಪಾಯಿ ತೆಗೆದುಕೊಂಡು ಮತ್ತೆ ಫಾರ್ಮ್ಯಾಟ್ ಮಾಡಿದ. ಡಿ ಡ್ರೈವ್ ಮುಟ್ಟಲ್ಲ ಎಂದು ಹೇಳಿ ಅದನ್ನೂ ಅಳಿಸಿದ್ದ. ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿದ್ದ 40 ಪುಟ ಉಳಿಯಿತು. ಉಳಿದ 24 ಪುಟವನ್ನು ಎರಡು ರಾತ್ರಿ ಕೂತು, ತಂಗಿಯ ಹಳೆ ಲ್ಯಾಪ್‌ಟಾಪಿನಲ್ಲಿ ಮತ್ತೆ ಕಟ್ಟಿದೆ. ಒಂದನೇ ತಾರೀಖು ಬೆಳಿಗ್ಗೆ ಬಾವುಟ ಏರಿಸುವ ಹೊತ್ತಿಗೆ ಪುಸ್ತಕ ಪ್ರೆಸ್ಸಿನಿಂದ ಬಂದಿರಲಿಲ್ಲ. ಸಂಘದ ಅಧ್ಯಕ್ಷರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಐದನೇ ಸಲಕ್ಕೆ ಒಂದು ವಾರ ಕಾಯಿಸಿದಿರಿ. ಕಡಲೆಕಾಯಿ ಪರಿಷೆ, ಬುಲ್ ಟೆಂಪಲ್ ರೋಡ್ ಬ್ಲಾಕ್ ಎಂದಿರಿ. ಒಪ್ಪಿದೆ, ಆ ವಾರ ನಮ್ಮ ಕಡೆ ಬರುವುದು ಕಷ್ಟವೇ. ನವೆಂಬರ್ 24ಕ್ಕೆ ಬಂದವನು ಚೀಲದಿಂದ ಮತ್ತೆ ವಿಂಡೋಸ್ ಪೆನ್‌ಡ್ರೈವ್ ತೆಗೆದ. ನಾನು ಬೇಡ ಎಂದೆ. ಹಿಂದಿನ ದಿನ ನನ್ನ ಅಣ್ಣನ ಮಗ ಫೋನಿನಲ್ಲಿ ಹೇಳಿದ್ದ: "ಅತ್ತೆ, ಈ ಸಲ ಏನಾದ್ರೂ ಆಗ್ಲಿ, ಫಾರ್ಮ್ಯಾಟ್ ಮಾಡಿಸ್ಬೇಡಿ. ಇರೋ ಸಾಕ್ಷಿಯೆಲ್ಲ ಅದರ ಜೊತೆಗೇ ಹೋಗುತ್ತೆ." ಮೊದಲು ಕಾರಣ ನೋಡಪ್ಪ, ಆಮೇಲೆ ಫಾರ್ಮ್ಯಾಟ್ ಎಂದೆ. ಅದಕ್ಕೆ ಅವನು ಜಾಬ್ ಶೀಟಿನಲ್ಲಿ "ಕಸ್ಟಮರ್ ನಾಟ್ ಕೋಆಪರೇಟಿಂಗ್" ಎಂದು ಬರೆದು ಹೊರಟುಹೋದ.

ಅಣ್ಣನ ಮಗ ಹೇಳಿದ ಸಾಕ್ಷಿ ಯಾವುದು ಎಂದು ನಿಮಗೂ ಹೇಳುತ್ತೇನೆ. ಕ್ರ್ಯಾಶ್ ಆದಾಗ ವಿಂಡೋಸ್ ತನ್ನ ಫೋಲ್ಡರಿನೊಳಗೆ ಮಿನಿಡಂಪ್ ಎಂಬ ಜಾಗದಲ್ಲಿ ಒಂದು ಚಿಕ್ಕ ಫೈಲ್ ಬರೆದಿಡುತ್ತದೆ. ಈವೆಂಟ್ ವ್ಯೂವರ್‌ನಲ್ಲೂ ದಾಖಲೆ ಇರುತ್ತದೆ. ಎರಡು ಸಲ ಫಾರ್ಮ್ಯಾಟ್ ಮಾಡಿದ ನಿಮ್ಮವರು ಎರಡು ಸಲವೂ ಇದನ್ನೆಲ್ಲ ಒರೆಸಿ ಹಾಕಿದರು. ಕಳ್ಳತನವಾದ ಮನೆಗೆ ಬಂದು ಮೊದಲು ನೆಲ ಸಾರಿಸಿದ ಹಾಗೆ.

ಆ ಭಾನುವಾರ ಅಣ್ಣನ ಮಗ ಬಂದು ಕೂತ. ಅಕ್ಟೋಬರ್ 28ರ ನಂತರ ಒಂಬತ್ತು ಕ್ರ್ಯಾಶ್ ದಾಖಲಾಗಿದ್ದವು. ನಿಮ್ಮ ಎರಡನೇ ಹುಡುಗ ತೋರಿಸಿದ ಅದೇ "ಕರ್ನಲ್-ಪವರ್ 41" ಒಂಬತ್ತರಲ್ಲೂ ಇತ್ತು. ಆದರೆ ಅದರ ಅರ್ಥ "ಕರೆಂಟ್ ಹೋಯಿತು" ಎಂದಲ್ಲ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂದಷ್ಟೇ. ಕಾರಣ ಏನೇ ಇದ್ದರೂ ಅದು ಬರುತ್ತದೆ. ಅದರ ಒಳಗೆ ಡೀಟೇಲ್ಸ್ ಎಂಬಲ್ಲಿ, ಕ್ರ್ಯಾಶ್ ಯಾವ ಬಗೆಯದು ಎಂದು ತಿಳಿಸುವ ಸಂಖ್ಯೆ, "ಬಗ್‌ಚೆಕ್ ಕೋಡ್" ಎಂದು ಇರುತ್ತದೆ. ಸುಮ್ನೆ ಕರೆಂಟ್ ಹೋಗಿದ್ದರೆ ಅಲ್ಲಿ ಸೊನ್ನೆ ಇರುತ್ತದೆ. ನನ್ನದರಲ್ಲಿ ಐದು ಸಲ 26, ಮೂರು ಸಲ 80, ಒಂದು ಸಲ 10 ಇತ್ತು. 26 ಅಂದರೆ ಮೆಮೊರಿ ಮ್ಯಾನೇಜ್‌ಮೆಂಟ್ ತಪ್ಪು. ಮೂರೂ ಮೆಮೊರಿಯ ಸುತ್ತಲೇ ಸುತ್ತುವ ಕೋಡುಗಳು. ಹೀಗೆ ಕೋಡ್ ಬದಲಾಗುತ್ತಲೇ ಇದ್ದರೆ ಒಂದು ಡ್ರೈವರ್‌ಗಿಂತ ರ‍್ಯಾಮ್ (ಮೆಮೊರಿ ಕಡ್ಡಿ) ಮೇಲೇ ಮೊದಲು ಅನುಮಾನ ಪಡಬೇಕು ಎಂದ. ಇಷ್ಟು ನೋಡಲು ಅವನಿಗೆ ಬೇಕಾಗಿದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು.

ಅನುಮಾನವನ್ನೇ ತೀರ್ಪು ಮಾಡಲಿಲ್ಲ. ಮೊದಲು ವಿಂಡೋಸಿನದೇ ಮೆಮೊರಿ ಟೆಸ್ಟ್ ಹಾಕಿದ. ಏನೂ ತಪ್ಪಿಲ್ಲ ಎಂದು ಬಂತು. ಆಗ ನಾನೂ ಒಂದು ಗಳಿಗೆ ನಿಮ್ಮ ಪರವೇ ಆಗಿದ್ದೆ. ಆಮೇಲೆ ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಂ ಅನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿದ. ಇದು ವಿಂಡೋಸ್ ಶುರುವಾಗುವ ಮೊದಲೇ ಓಡುತ್ತದೆ. ಹಾಗಾಗಿ ವೈರಸ್ಸು, ನುಡಿ, ಅಪ್‌ಡೇಟು ಯಾವುದರ ಮೇಲೂ ತಪ್ಪು ಹಾಕಲು ಬರುವುದಿಲ್ಲ. ಉಚಿತವಾಗಿಯೇ ಸಿಗುತ್ತದೆ. ರಾತ್ರಿ ಹತ್ತಕ್ಕೆ ಶುರು ಮಾಡಿ ಮಲಗಿದೆವು. ಮೊದಲ ಸುತ್ತಿನಲ್ಲಿ ಏನೂ ಇರಲಿಲ್ಲವಂತೆ. ಬೆಳಿಗ್ಗೆ ಹಾಲು ತರಲು ಎದ್ದಾಗ ಪರದೆಯ ಮೇಲೆ ಕೆಂಪು ಸಾಲುಗಳು, 37 ತಪ್ಪು. ಅರ್ಧ ಗಂಟೆ ನೋಡಿ "ವರ್ಕಿಂಗ್ ಓಕೆ" ಎಂದು ಬರೆಯುವವರಿಗೆ ಇದು ಯಾಕೆ ಕಾಣಲಿಲ್ಲ ಎಂದು ಆಗ ಗೊತ್ತಾಯಿತು.

ನನ್ನ ಕಂಪ್ಯೂಟರಿನಲ್ಲಿ 8 ಜಿಬಿಯ ಎರಡು ರ‍್ಯಾಮ್ ಕಡ್ಡಿಗಳಿವೆ. ಒಂದೊಂದನ್ನೇ ಹಾಕಿ ಟೆಸ್ಟ್ ಮಾಡಿದೆವು. ಒಂದು ಕಡ್ಡಿ ನಾಲ್ಕು ಸುತ್ತಿನಲ್ಲೂ ಶುದ್ಧ. ಇನ್ನೊಂದನ್ನು ಎರಡೂ ಸ್ಲಾಟಿನಲ್ಲಿ ಹಾಕಿ ನೋಡಿದರೂ ತಪ್ಪು. ಅಂದರೆ ಸ್ಲಾಟೂ ಸರಿಯಿದೆ, ಬೋರ್ಡೂ ಸರಿಯಿದೆ, ಕೆಟ್ಟಿರುವುದು ಆ ಕಡ್ಡಿ. ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳ ಪುಟ) ಮೆಮೊರಿ ವೇಗ ಹೆಚ್ಚಿಸುವ ಸೆಟ್ಟಿಂಗ್ ಆಫ್ ಆಗಿಯೇ ಇತ್ತು. ಅದರ ಫೋಟೊ ಕೂಡ ಇದೆ, ಮುಂದೆ ಅದೇ ಕಾರಣ ಎಂದು ಹೇಳುತ್ತೀರಿ ಎಂದು ಗೊತ್ತಿದ್ದೇ ತೆಗೆದಿಟ್ಟೆ. ಡಿಸೆಂಬರ್ 4ರಿಂದ ಒಂದೇ ಕಡ್ಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಿಧಾನ, ದೊಡ್ಡ ಫೋಟೊ ಇರುವ ಪುಟ ತೆರೆದರೆ ಆಕಳಿಸುತ್ತದೆ. ಆದರೆ ಒಂದು ತಿಂಗಳಲ್ಲಿ ಒಂದೂ ಕ್ರ್ಯಾಶ್ ಇಲ್ಲ. ನುಡಿ ಅದರಲ್ಲೇ ಇದೆ.

ಡಿಸೆಂಬರ್ 15ರಂದು ಇಷ್ಟನ್ನೂ ಫೋಟೊಗಳ ಸಮೇತ ನಿಮಗೆ ಇಮೇಲ್ ಮಾಡಿದೆ. 19ಕ್ಕೆ ಎರಡು ಸಾಲಿನ ಉತ್ತರ ಬಂತು. ವಾರಂಟಿ ಸೀಲ್ ಅನ್ನು ಗ್ರಾಹಕರು ಒಡೆದಿರುವುದರಿಂದ ವಾರಂಟಿ ರದ್ದು. ಜೊತೆಗೆ, ಕಂಪ್ಯೂಟರನ್ನು ವ್ಯಾಪಾರಕ್ಕೆ ಬಳಸಿರುವುದರಿಂದ ಮನೆ ಬಳಕೆಯ ಷರತ್ತು ಅನ್ವಯಿಸುವುದಿಲ್ಲ.

ಸೀಲ್ ಕೊಯ್ದವರು ಯಾರು ಎಂದು ಮೇಲೆ ಬರೆದಿದ್ದೇನೆ. ಅಕ್ಟೋಬರ್ 9ರ ಜಾಬ್ ಶೀಟ್ ಮತ್ತೊಮ್ಮೆ ಓದಿ. ನಾವು ರ‍್ಯಾಮ್ ತೆಗೆದದ್ದು ಅದಾಗಿ ಒಂದೂವರೆ ತಿಂಗಳ ಮೇಲೆ, ಅದೂ ನಿಮ್ಮವರು ಐದು ಸಲ ಬಂದು ಕೈಚೆಲ್ಲಿದ ಮೇಲೆ. ಇನ್ನು ವ್ಯಾಪಾರದ ಮಾತು. ನನ್ನದು ಅಂಗಡಿಯಲ್ಲ, ನೌಕರರಿಲ್ಲ. ಊಟದ ಮೇಜಿನ ಪಕ್ಕ ಒಂದು ಕುರ್ಚಿ, ಅದರಲ್ಲಿ ನಾನು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲೆಂದೇ ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶ ಎಂದು ಎಣಿಸುವಂತಿಲ್ಲ ಎಂದು 2019ರ ಗ್ರಾಹಕ ರಕ್ಷಣಾ ಕಾಯ್ದೆಯೇ ಹೇಳುತ್ತದೆ. ಬಿಲ್ ಮಾಡುವಾಗ ನಿಮ್ಮ ಸೇಲ್ಸ್‌ನವರು "ಡಿಟಿಪಿಗೆ ಇದೇ ಬೆಸ್ಟ್ ಮೇಡಂ" ಎಂದೇ ಮಾರಿದ್ದು ಎಂಬುದನ್ನೂ ಹೇಳಿಬಿಡುತ್ತೇನೆ.

ಎಸ್.ಪಿ. ರೋಡಿಗೆ ಹೋಗಿ ಒಂದು ಕಡ್ಡಿ ತಂದು ಹಾಕಿಕೊಳ್ಳಬಹುದಲ್ಲ ಎಂದು ನಿಮ್ಮ ಹೆಲ್ಪ್‌ಲೈನಿನವರು ಬಿಟ್ಟಿ ಸಲಹೆ ಕೊಟ್ಟರು. ಹೋಗಿ ವಿಚಾರಿಸಿಯೂ ಬಂದೆ. ರ‍್ಯಾಮ್ ಬೆಲೆ ಕೆಲವು ತಿಂಗಳಿಂದ ಏರುತ್ತಲೇ ಇದೆ, ಅಂಗಡಿಯವರೇ ಹೇಳಲು ಮುಜುಗರಪಡುತ್ತಾರೆ. ಆಗಸ್ಟಿನಲ್ಲೇ ಬದಲಿಸಿದ್ದರೆ ನಿಮಗೂ ಕಡಿಮೆಯಲ್ಲಿ ಮುಗಿಯುತ್ತಿತ್ತು. ಈಗಿನ ಬೆಲೆ ನೋಡಿ ಸೀಲಿನ ನೆಪ ಹುಡುಕಿದಿರೇನೋ ಎಂಬ ಅನುಮಾನ ನನಗಿದೆ. ತಪ್ಪಾಗಿದ್ದರೆ ಹೇಳಿ, ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ನನಗೆ ಬೇಕಾಗಿರುವುದು ಇಷ್ಟು. ಎರಡೂ ರ‍್ಯಾಮ್ ಕಡ್ಡಿಗಳನ್ನು ಹೊಂದುವ ಹೊಸ ಜೋಡಿಯಾಗಿ ಮನೆಗೆ ಬಂದು ಬದಲಿಸಿ ಕೊಡಿ, ಫಾರ್ಮ್ಯಾಟ್ ಮಾಡದೆ. ಅಕ್ಟೋಬರ್‌ನಲ್ಲಿ ತೆಗೆದುಕೊಂಡ 650 ರೂಪಾಯಿ ವಾಪಸ್ ಕೊಡಿ, ಅದು ಸಾಫ್ಟ್‌ವೇರ್ ತೊಂದರೆ ಆಗಿರಲಿಲ್ಲ. ವಾರಂಟಿ ಚಾಲ್ತಿಯಲ್ಲಿದೆ ಎಂದು ಬರವಣಿಗೆಯಲ್ಲಿ ತಿಳಿಸಿ, ಕೆಟ್ಟುಹೋದ ಐದು ತಿಂಗಳನ್ನು ಅದಕ್ಕೆ ಸೇರಿಸಿ. ನನ್ನ ಹೆಸರಿನ ಮುಂದೆ ಬರೆದಿರುವ "ನಾಟ್ ಕೋಆಪರೇಟಿಂಗ್" ತೆಗೆಯಿರಿ. ಯುಪಿಎಸ್ ದುಡ್ಡು ಕೇಳುವುದಿಲ್ಲ. ಮಳೆಗಾಲದಲ್ಲಿ ನಮ್ಮ ಏರಿಯಾಕ್ಕೆ ಅದು ಹೇಗೂ ಬೇಕಿತ್ತು. ಆ 24 ಪುಟಕ್ಕೆ ಬೆಲೆ ಕಟ್ಟಲು ನನಗೇ ಬರುವುದಿಲ್ಲ, ಹಾಗಾಗಿ ಅದನ್ನೂ ಕೇಳುತ್ತಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದೊಳಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ, ಆನ್‌ಲೈನಿನಲ್ಲೇ ಸಲ್ಲಿಸಬಹುದು. ಕಾಗದಪತ್ರ ಜೋಡಿಸಿ ಪುಟ ಕಟ್ಟುವುದಂತೂ ನನಗೆ ಗೊತ್ತಿರುವ ಕೆಲಸವೇ.

ಬರುವವರು ಬೆಳಿಗ್ಗೆ ಹನ್ನೊಂದರ ಮೇಲೆ ಬರಲಿ. ಆ ಹುಡುಗರ ಮೇಲೆ ನನಗೆ ಕೋಪವಿಲ್ಲ. ದಿನಕ್ಕೆ ಎಂಟು ಮನೆ ಸುತ್ತಬೇಕು ಎಂದು ಒಬ್ಬ ಹೇಳಿಕೊಂಡಿದ್ದ. ಎಂಟು ಮನೆಯ ಲೆಕ್ಕ ಇಟ್ಟವರು ನೀವು, ಅದರಲ್ಲಿ ಒಂದು ರಾತ್ರಿಯ ಟೆಸ್ಟಿಗೆ ಎಲ್ಲಿದೆ ಜಾಗ? ಮೆಮ್‌ಟೆಸ್ಟ್ ಪೆನ್‌ಡ್ರೈವ್ ನನ್ನ ಹತ್ತಿರವೇ ಇದೆ. ಹೊಸ ರ‍್ಯಾಮ್ ಹಾಕಿದ ಮೇಲೆ ಅದನ್ನು ರಾತ್ರಿಯೆಲ್ಲ ಓಡಿಸಿ, ಬೆಳಿಗ್ಗೆ ನೋಡಿ, ಆಮೇಲೆ ಜಾಬ್ ಶೀಟಿಗೆ ಸಹಿ ಹಾಕುತ್ತೇನೆ.

ಇಂತಿ ನಿಮ್ಮ ಗ್ರಾಹಕಿ,
ಹನುಮಂತನಗರ

ಜೊತೆಗಿರುವುದು: ಬಿಲ್, ಐದು ಜಾಬ್ ಶೀಟ್, 650 ರೂಪಾಯಿಯ ರಸೀದಿ, ಮೆಮ್‌ಟೆಸ್ಟ್ ಮತ್ತು ಬಯೋಸ್ ಫೋಟೊಗಳು, ಡಿಸೆಂಬರ್ 19ರ ನಿಮ್ಮ ಇಮೇಲ್.